ಹಳ್ಳ ದಾಟಿ ಎಡಕ್ಕೆ

ಚಾರಣಕ್ಕೆ ಯಾವ ಸೀಮೆಗೆ ಹೋಗಬೇಕು ಎಂದು ಗೊತ್ತುಮಾಡುವ ಕೆಲಸ ನಮ್ಮ ಗುಂಪಿನಲ್ಲಿ ಒಂಬತ್ತು ವರ್ಷ ನನ್ನದೇ ಆಗಿತ್ತು. ಯಾರೂ ನನಗೆ ಅದನ್ನು ವಹಿಸಿರಲಿಲ್ಲ, ನಾನೇ ಹಿಡಿದುಕೊಂಡಿದ್ದೆ. ಹುಮನಾಬಾದಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು ನಾನು ಇರುವಾಗ ಬೇರೆಯವರು ಬಂದು ಗುಡ್ಡ ಯಾವುದು ಕಣಿವೆ ಯಾವುದು ಎಂದು ಹೇಳುವುದೆಂದರೇನು? ಅಂಥ ಗರ್ವ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಇತ್ತು.

ಗುಂಪು ಎಂದರೆ ಐದೇ ಜನ. ನಾನು, ನಮ್ಮ ಶಾಲೆಯ ವಿಜ್ಞಾನದ ಸರ್, ಇಬ್ಬರು ಹೊಸ ಶಿಕ್ಷಕರು, ಮತ್ತು ಬಸವಕಲ್ಯಾಣದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ ಭಾಯಿ. ಬಸವಕಲ್ಯಾಣ ನನ್ನ ತವರು. ಭಾಯಿ ಮತ್ತು ನಾನು ಒಂದೇ ಗಲ್ಲಿಯಲ್ಲಿ ಬೆಳೆದವರು, ಒಂದೇ ಶಾಲೆಗೆ ಹೋದವರು. ನಾನು ಮದುವೆಯಾಗಿ ಹುಮನಾಬಾದಿಗೆ ಬಂದ ಮೇಲೂ ರಂಜಾನಿಗೆ ಅವರ ಮನೆಯ ಶೀರಖುರ್ಮಾ ಡಬ್ಬಿಯಲ್ಲಿ ಬರುವುದು ತಪ್ಪಿಲ್ಲ. ಭಾಯಿಯ ಹೆಂಡತಿಯನ್ನು ನಾವೆಲ್ಲ ಭಾಭಿ ಎನ್ನುತ್ತೇವೆ. ಆಕೆ ಒಮ್ಮೆಯೂ ನಡೆಯಲು ಬಂದವಳಲ್ಲ. ಆದರೆ ಜಾಗ ಆರಿಸುವ ದಿನ ಆಕೆ ಚುರುಮುರಿ ನೆನೆಸಿ ಒಗ್ಗರಣೆ ಹಾಕಿ ಮಾಡುವ ಸುಸಲಾ ಇಲ್ಲದೆ ನಮಗೆ ಯಾವ ಗುಡ್ಡವೂ ಕಾಣುತ್ತಿರಲಿಲ್ಲ.

ಆರಿಸುವ ದಿನ ಶ್ರಾವಣ ಮುಗಿದ ಮೇಲಿನ ಒಂದು ರವಿವಾರ. ಭಾಯಿಯ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ, ಎಲ್ಲರೂ ಫೋನು ತೆಗೆದು, ಒಬ್ಬರಿಗೊಬ್ಬರು ಚಿತ್ರ ತೋರಿಸುತ್ತ ಕೂತರೆ ಮಧ್ಯಾಹ್ನ ಸರಿದದ್ದೇ ತಿಳಿಯುತ್ತಿರಲಿಲ್ಲ. ನಮ್ಮ ಆಯ್ಕೆಯ ರೀತಿ ಬೇರೆ ಊರಿನವರಿಗೆ ನಗು ತರಿಸಬಹುದು. ಎಷ್ಟು ಎತ್ತರ, ಎಷ್ಟು ಕಡಿದು ಎಂದು ನಾವು ಕೇಳುತ್ತಲೇ ಇರಲಿಲ್ಲ. ಜಾಗ ಹಸಿರಾಗಿರಬೇಕು, ಅಲ್ಲಿ ನೀರು ಕಾಣಬೇಕು, ಕಟ್ಟಿಕೊಂಡು ಹೋದ, ವಾರ ಇಟ್ಟರೂ ಕೆಡದ ಕಟಕ್ ರೊಟ್ಟಿ ಮುಗಿಯುವುದರೊಳಗೆ ಮನೆಗೆ ಬರುವಂತಿರಬೇಕು. ಅದರಲ್ಲೂ ನೀರು. ಎಂಟು ತಿಂಗಳು ಒಣನೆಲ ನೋಡುವ ನಮ್ಮ ಕಡೆಯವರಿಗೆ ಚಂದ ಎಂದರೆ ನೀರೇ. ಫೋನಿನಲ್ಲಿ ಜಲಪಾತದ ಚಿತ್ರ ಬಂತೆಂದರೆ ಸುಸಲಾ ಅಗಿಯುವ ಬಾಯಿಗಳೂ ನಿಲ್ಲುತ್ತಿದ್ದವು. ಒಮ್ಮೆ ವಿಜ್ಞಾನದ ಸರ್ ರಾಜಸ್ಥಾನದ ಮರಳುಗಾಡಿನ ಮಾತು ತೆಗೆದರು. ಭಾಯಿ ಲೋಟ ಕೆಳಗಿಟ್ಟು, "ಉಸುಕು ನೋಡಾಕ ರೈಲ್ ಹತ್ತಬೇಕೇನ್ರಿ ಸರ್? ನನ್ನ ಅಂಗಡಿ ಮುಂದ ಎರಡು ಟ್ರಿಪ್ ಬಿದ್ದದ, ಬಂದು ನೋಡ್ರಿ" ಎಂದರು. ಮರಳುಗಾಡು ಅಲ್ಲಿಗೇ ಮುಗಿಯಿತು.

ಹೀಗೆ ಅರಕು ಕಣಿವೆಗೆ ಹೋದೆವು, ಕೊಡಗಿಗೆ ಹೋದೆವು, ಮಹಾಬಳೇಶ್ವರದ ಸುತ್ತ ಎರಡು ಸಲ ನಡೆದೆವು. ಪ್ರತಿಸಲ ಬಂದ ಮೇಲೆ "ಅಕ್ಕೋರು ಆರಿಸಿದ್ದು ಅಂದ್ರ ಆರಿಸಿದ್ದೇ" ಎಂದು ಭಾಯಿ ನಾಲ್ಕು ಜನರ ಮುಂದೆ ಹೇಳುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎಂದೇ ಕರೆಯುವುದು. ನನಗೆ ಅದನ್ನು ಕೇಳಿದಾಗೆಲ್ಲ ಹಿಗ್ಗಿನಿಂದ ಮೈಮೇಲೆ ಒಂದು ಹಿಡಿ ಮಾಂಸ ಏರಿದಂತಾಗುತ್ತಿತ್ತು.

ಒಬ್ಬರಿಗೆ ಮಾತ್ರ ಇದೆಲ್ಲ ಹುಚ್ಚು ಅನ್ನಿಸುತ್ತಿತ್ತು. ಅದು ನನ್ನ ಗಂಡ. ಅವರದು ಹುಮನಾಬಾದಿನ ಬಜಾರಿನಲ್ಲಿ ಬಟ್ಟೆ ಅಂಗಡಿ. ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಊಟಕ್ಕೆ ಏಳಬೇಕು, ಆಮೇಲೆ ಅಂಗಡಿ ಮುಚ್ಚಲು ಏಳಬೇಕು. ನಾನು ದಸರೆ ರಜೆಗೆ ಚೀಲ ಕಟ್ಟುವಾಗ ಬಾಗಿಲಲ್ಲಿ ನಿಂತು, "ದೂರದ ಬೆಟ್ಟ ಕಣ್ಣಿಗಿ ನುಣ್ಣಗ. ಹೋಗಿ ಕಲ್ಲು ಎಣಿಸಿ ಬಾ" ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ. ಆದರೆ ನನಗೆ ಸಿಟ್ಟು ಬರುತ್ತಿತ್ತು. ಅವರು ಬೈಯುವ ಗಂಡಸಲ್ಲ, ಕೈ ಎತ್ತುವ ಗಂಡಸಲ್ಲ. ಬರೀ ನನ್ನ ಮಾತು ಕೇಳದ ಗಂಡಸು. ನೀರಿನ ಟಾಕಿ ಪೂರ್ವಕ್ಕೆ ಬೇಡ ಎಂದೆ, ಪೂರ್ವಕ್ಕೇ ಇಡಿಸಿದರು. ಮಗನನ್ನು ಕಲಬುರ್ಗಿಯಲ್ಲಿ ಓದಿಸೋಣ ಎಂದೆ, ಹೂಂ ಅಂದು ಬೀದರಿನಲ್ಲಿ ಹೆಸರು ಹಚ್ಚಿ ಬಂದರು. ಅವರ ಹೂಂಗೆ ಅರ್ಥವೇ ಇರಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನ್ನ ಒಂದೇ ಒಂದು ಮಾತು ನಡೆದದ್ದನ್ನು ನೆನಪಿಸಿಕೊಳ್ಳಲು ಕೂತರೆ ಇಡೀ ದಿನ ಹೋಗುತ್ತಿತ್ತು, ಸಿಗುತ್ತಿರಲಿಲ್ಲ.

ಆ ವರ್ಷ ನಾನು ಸಹ್ಯಾದ್ರಿಯ ಒಂದು ಕೋಟೆಗುಡ್ಡ ಆರಿಸಿದ್ದೆ. ಮಹಾರಾಷ್ಟ್ರದಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ, ಆ ಊರಿನ ತಪ್ಪೇನೂ ಇಲ್ಲ. ಅಲ್ಲಿಯ ಚಿತ್ರಗಳಲ್ಲಿ ಗುಡ್ಡದ ಮೈಮೇಲೆಲ್ಲ ಬಿಳಿ ಗೆರೆಗಳಂತೆ ನೀರು ಇಳಿಯುತ್ತಿತ್ತು. ಎಲ್ಲರೂ ಒಂದೇ ಬಾರಿಗೆ ಒಪ್ಪಿದರು. ಜೀಪು ಗೊತ್ತುಮಾಡಿದೆವು. ಹೊರಡಲು ಹನ್ನೆರಡು ದಿನ ಇರುವಾಗ ಶಾಲೆಯ ಮೆಟ್ಟಿಲ ಮೇಲೆ ನನ್ನ ಕಾಲು ಉಳುಕಿ ಪಾದ ಕುಂಬಳಕಾಯಿಯಷ್ಟು ಊದಿತು. ಡಾಕ್ಟರು ಪಟ್ಟಿ ಸುತ್ತಿ, ಒಂದು ತಿಂಗಳು ಕಾಲು ಊರಬೇಡಿ ಎಂದರು.

ಜೀಪಿನಲ್ಲಿ ನನ್ನ ಜಾಗ ಖಾಲಿಯಾಯಿತು. "ಸಾವ್ಕಾರ್ರ, ನೀವೇ ಬರ್ರಿ" ಎಂದು ಭಾಯಿ ನನ್ನ ಗಂಡನನ್ನು ಕರೆದರು. ಅವರು ನಕ್ಕು ಸುಮ್ಮನಾದರು. ಆದರೆ ನಾನು ಸುಮ್ಮನಾಗಲಿಲ್ಲ. ಮಂಚದ ಮೇಲೆ ಕಾಲು ಎತ್ತಿಟ್ಟುಕೊಂಡು ಮೂರು ದಿನ ಹಟ ಹಿಡಿದೆ. ನಾನು ಏನು ನೋಡುತ್ತೇನೆ, ಯಾಕೆ ಹೋಗುತ್ತೇನೆ ಎಂಬುದು ಇವರಿಗೂ ಒಮ್ಮೆ ತಿಳಿಯಲಿ ಎಂಬ ಆಸೆ ಇತ್ತು. ಅದಕ್ಕಿಂತ ಹೆಚ್ಚಾಗಿ ಗೆಲ್ಲಬೇಕೆಂಬ ಛಲ ಇತ್ತು.

"ಜಲ್ಮದಾಗ ಒಮ್ಮೆರೆ ನಾ ಹೇಳಿದ್ದು ಕೇಳ್ರಿ" ಎಂದೆ.

ಅವರು ಉಣ್ಣುತ್ತಿದ್ದರು. ಕೈ ತೊಳೆದುಕೊಂಡು ಬಂದು, "ಬೂಟು ಎಂಥವು ಬೇಕಾಗ್ತಾವ?" ಎಂದು ಕೇಳಿದರು.

ನಾನು ಜೊತೆಗೆ ಇರುವುದಿಲ್ಲವಲ್ಲ, ಅದಕ್ಕೆ ದಾರಿಯನ್ನೆಲ್ಲ ಬರೆದುಕೊಡಲು ನಿರ್ಧರಿಸಿದೆ. ನಾಲ್ಕು ಸಂಜೆ ಕೂತು ಎರಡು ಹಾಳೆ ತುಂಬಿಸಿದೆ. ಫೋನಿನ ನಕಾಶೆ ದೊಡ್ಡದು ಮಾಡಿ ಮಾಡಿ ನೋಡಿ, ಹೋಗಿ ಬಂದವರು ಬರೆದದ್ದನ್ನು ಓದಿ, ಕರಿಹಲಗೆಯ ಮೇಲೆ ಬರೆಯುವ ದುಂಡು ಅಕ್ಷರದಲ್ಲಿ ಬರೆದೆ. ಜೀಪು ಎಲ್ಲಿ ನಿಲ್ಲಿಸಬೇಕು, ಚಹಾ ಎಲ್ಲಿ ಸಿಗುತ್ತದೆ, ಗುಡಿಯ ಹಿಂದಿನ ಕಾಲುದಾರಿ ಯಾವುದು, ಕಲ್ಲಿನ ಮೇಲಿನ ಬಾಣದ ಗುರುತು ಎಲ್ಲೆಲ್ಲಿದೆ, ಎಲ್ಲವೂ ಅದರಲ್ಲಿತ್ತು. ಗುಡಿ ದಾಟಿದ ಮೇಲೆ ಕಾಲುದಾರಿಯನ್ನು ಒಂದು ಸಣ್ಣ ನೀಲಿ ಗೆರೆ ಅಡ್ಡ ಹಾಯುತ್ತಿತ್ತು. ಅದಕ್ಕೆ ನಾನು ಬರೆದದ್ದು ಮೂರೇ ಮಾತು: ಹಳ್ಳ ದಾಟಿ ಎಡಕ್ಕೆ.

ಹಳ್ಳ ಎಂದರೆ ನನಗೆ ಗೊತ್ತಿದ್ದದ್ದು ನಮ್ಮ ಸೀಮೆಯ ಮುಡಬಿ ಊರ ಕಡೆಯ ಹಳ್ಳ. ವರ್ಷದ ಹತ್ತು ತಿಂಗಳು ಅದು ದಾರಿ. ಅದರೊಳಗೆ ಟ್ರ್ಯಾಕ್ಟರ್ ಹೋಗುತ್ತದೆ, ಆಡು ಮೇಯುತ್ತವೆ, ಪಾತ್ರದ ನಡುವೆ ನಿಂತು ಜನ ಫೋನಿನಲ್ಲಿ ಮಾತಾಡುತ್ತಾರೆ. ಮಳೆಗಾಲದಲ್ಲಿ ಬಂದ ನೀರು ಎರಡು ತಾಸಿನಲ್ಲಿ ಇಳಿದುಹೋಗುತ್ತದೆ, ಬಂದಾಗ ಊರವರು ಸಂಭ್ರಮದಿಂದ ನೋಡಲು ಹೋಗುತ್ತಾರೆ. ದಸರೆಗೆ ಬರುವ ಹೊತ್ತಿಗೆ ನಮ್ಮಲ್ಲಿ ಮಳೆಯ ಮಾತೇ ಮುಗಿದಿರುತ್ತದೆ, ಸೋಯಾ ರಾಶಿ ನಡೆದಿರುತ್ತದೆ. ಭೂಗೋಳದ ಶಿಕ್ಷಕಿ ನಾನು. ಘಟ್ಟದ ಮೇಲೆ ಬಿದ್ದ ಮಳೆ ಕೆಳಗೆ ಹೇಗೆ ಬರುತ್ತದೆ ಎಂದು ವರ್ಷ ವರ್ಷವೂ ಎಂಟನೆಯ ಇಯತ್ತೆಗೆ ಪಾಠ ಮಾಡಿದ್ದೇನೆ. ಆದರೂ ಆ ನೀಲಿ ಗೆರೆ ಕಂಡಾಗ ನನ್ನ ಕಣ್ಣಿಗೆ ಬಂದದ್ದು ಒಣಗಿದ ಮುಡಬಿ ಹಳ್ಳವೇ. ಚಹಾದಂಗಡಿಯ ಬಗ್ಗೆ ನಾಲ್ಕು ಸಾಲು ಬರೆದವಳು ನೀರಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ಶುಕ್ರವಾರ ಅವರು ಹೋದರು. ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ ವಿಜ್ಞಾನದ ಸರ್ ಫೋನು ಬಂತು. ಗಾಳಿಯ ಸದ್ದು, ನಡುನಡುವೆ ಅವರ ದನಿ.

"ಅಕ್ಕೋರ, ಮಳಿ ಭಾಳ ಜೋರ್ ಅದ್ರಿ. ಸಾವ್ಕಾರ್ರು ಹಳ್ಳದಾಗ ಇಳದ್ರು. ನೀರು ಅವರನ್ನ..."

ಅಷ್ಟೇ. ಮತ್ತೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಭಾಯಿಗೆ ಮಾಡಿದೆ, ಅದೂ ಹಾಗೇ. ಇಬ್ಬರು ಹುಡುಗ ಶಿಕ್ಷಕರಿಗೆ ಮಾಡಿದೆ. ನನ್ನ ಗಂಡನ ಫೋನು ಮಾತ್ರ ಸ್ವಿಚ್ ಆಫ್ ಎಂದಿತು. ಉಳಿದವರದು ಹೊರಗೆ, ಇವರದು ಆಫ್. ಆ ಒಂದು ವ್ಯತ್ಯಾಸಕ್ಕೆ ಮತ್ತೆ ಮತ್ತೆ ಅವರ ನಂಬರನ್ನೇ ಒತ್ತಿದೆ.

ಕಿಟಕಿಯ ಹೊರಗೆ ಹುಮನಾಬಾದಿನಲ್ಲಿ ಚುರುಚುರು ಬಿಸಿಲು. ಎದುರು ಮನೆಯವರು ಮಾಳಿಗೆಯ ಮೇಲೆ ಹಪ್ಪಳ ಹಾಕಿದ್ದರು. ಒಂದು ಮೋಡ ಕಂಡಿದ್ದರೂ ನನಗೆ ಸಮಾಧಾನವಾಗುತ್ತಿತ್ತೋ ಏನೋ, ಇಲ್ಲಿ ಆಕಾಶ ಅಷ್ಟು ನಿಶ್ಚಿಂತೆಯಿಂದ ಇರುವುದು ನೋಡಿ ಹೊಟ್ಟೆ ಉರಿಯಿತು. ಎದ್ದು ಎಲ್ಲಿಗಾದರೂ ಓಡೋಣವೆಂದರೆ ಕಾಲು ಊರುವಂತಿಲ್ಲ. ಊರುವಂತಿದ್ದರೂ ಎಲ್ಲಿಗೆ ಓಡುವುದು?

ಆ ತಾಲೂಕಿನ ಪೊಲೀಸ್ ಠಾಣೆಯ ನಂಬರು ಹುಡುಕಿ ಫೋನು ಮಾಡಿದೆ. ನನ್ನ ಮರಾಠಿ ಬಜಾರಿನ ಮರಾಠಿ. ಆ ಕಡೆಯವರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ, ಯಾವ ಹಳ್ಳ ತಾಯಿ, ಹೆಸರು ಹೇಳಿ, ಇಲ್ಲಿ ಪ್ರತಿ ಗುಡ್ಡಕ್ಕೂ ನಾಲ್ಕು ಹಳ್ಳ ಇವೆ ಎಂದರು. ನನಗೆ ಹೆಸರು ಗೊತ್ತಿರಲಿಲ್ಲ. ಆ ಹಳ್ಳಕ್ಕೆ ಒಂದು ಹೆಸರು ಇರಬಹುದೆಂಬುದೇ ನನಗೆ ಹೊಳೆದಿರಲಿಲ್ಲ. ಗುಡಿಯ ಹಿಂದಿನದು ಎಂದೆ. ಯಾವ ಗುಡಿ ಎಂದರು. ಕೊನೆಗೆ ಕೋಟೆಯ ಹೆಸರು ಬರೆದುಕೊಂಡು, ಹಳ್ಳಿಯವರಿಗೆ ತಿಳಿಸುತ್ತೇವೆ ಎಂದು ಇಟ್ಟರು. ಹೆಸರೂ ಗೊತ್ತಿಲ್ಲದ ನೀರಿಗೆ ನನ್ನ ಗಂಡನನ್ನು ಕಳಿಸಿದ್ದೆ.

ನಡುವೆ ಒಂದು ಫೋನು ಬಂತು. ಎರಡು ಕೈಯಿಂದ ಎತ್ತಿಕೊಂಡೆ. ಯಾರೋ ಮದುವೆಗೆ ಹೇಳಿಟ್ಟ ಇಳಕಲ್ ಸೀರೆಗಳು ಬಂದಾವೇನ್ರಿ ಎಂದು ಕೇಳುತ್ತಿದ್ದರು. "ಸಾವ್ಕಾರ್ರು ಊರಾಗಿಲ್ರಿ" ಎಂದೆ. "ಯಾವಾಗ ಬರ್ತಾರ್ರಿ?" ಎಂದರು. ಫೋನು ಹಾಗೇ ಕಿವಿಗೆ ಹಿಡಿದುಕೊಂಡು ಕೂತೆ, ಅವರೇ ಇಟ್ಟರು.

ನಾನು ಫೋನಿನಲ್ಲಿ ಅತ್ತದ್ದು ಕೇಳಿ, ಐದರ ಹೊತ್ತಿಗೆ ಬಸವಕಲ್ಯಾಣದಿಂದ ಬಸ್ಸು ಹತ್ತಿ ಭಾಭಿ ಬಂದಳು. ಬಂದವಳೇ ಚಪ್ಪಲಿ ಬಿಟ್ಟು ನನ್ನ ಮಂಚದ ಅಂಚಿಗೆ ಕೂತಳು. ಏನೂ ಆಗಿರುವುದಿಲ್ಲ ಎಂದು ಹೇಳಲಿಲ್ಲ. "ಚಾ ಕುಡದೀರೇನು?" ಎಂದು ಕೇಳಿ ತಾನೇ ಒಳಗೆ ಹೋಗಿ ಮಾಡಿಕೊಂಡು ಬಂದಳು. ಲೋಟ ಕೊಟ್ಟು ತನ್ನ ಫೋನು ತೆಗೆದು ಭಾಯಿಯ ನಂಬರು ಒತ್ತಿ ಕಿವಿಗೆ ಹಿಡಿದಳು. ಆಕೆಯ ಗಂಡನೂ ಅಲ್ಲೇ ಇದ್ದಾರೆ, ಅವರ ಫೋನೂ ಹತ್ತುತ್ತಿಲ್ಲ ಎಂಬುದು ನನಗೆ ಅಲ್ಲಿಯವರೆಗೆ ನೆನಪೇ ಆಗಿರಲಿಲ್ಲ. ಎರಡು ತಾಸು ನಾನು ನನ್ನೊಬ್ಬಳ ಗಂಡನಿಗಾಗಿ ಅತ್ತಿದ್ದೆ. ಭಾಭಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಇಬ್ಬರೂ ನಡುವೆ ಫೋನು ಇಟ್ಟುಕೊಂಡು ಕೂತೆವು. ಆಕೆ ಬೆರಳ ಗಣ್ಣು ಎಣಿಸುತ್ತ ತುಟಿಯಲ್ಲೇ ಏನೋ ಓದುತ್ತಿದ್ದಳು. ನನಗೆ ಯಾವ ಮಂತ್ರವೂ ಬಾಯಿಗೆ ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಭಾಯಿಯ ಫೋನು ಬಂತು.

"ಅಕ್ಕೋರ, ಫಿಕರ್ ಮಾಡಬ್ಯಾಡ್ರಿ. ಸಾವ್ಕಾರ್ರು ಉಳದಾರ. ದವಾಖಾನ್ಯಾಗ ಅದೀವಿ. ಹೆಗಲಿನ ಎಲುಬು ಮುರದದ, ಮತ್ತೇನಿಲ್ಲ."

ನೀರು ಅವರನ್ನು ಐವತ್ತು ಹೆಜ್ಜೆ ಎಳೆದುಕೊಂಡು ಹೋಗಿ ಒಂದು ಅತ್ತಿಮರದ ಬೇರಿಗೆ ಬಡಿದಿತ್ತು. ಎಮ್ಮೆ ಕಾಯುತ್ತಿದ್ದ ಮುದುಕನೊಬ್ಬ ಹಗ್ಗ ಎಸೆದು ಎಳೆದುಕೊಂಡಿದ್ದ. ಭಾಯಿ ಇದನ್ನೆಲ್ಲ ಹೇಳಿ, ಕೊನೆಗೆ ತಡೆಯಲಾರದೆ, "ನಾವೆಲ್ಲ ನಿಲ್ರಿ ಅಂದೀವಿ. ನೀರು ಕೆಂಪ್ ಆಗ್ಯಾದ, ಇಳಿಬ್ಯಾಡ್ರಿ ಅಂದೀವಿ. ಕೇಳಲಿಲ್ಲ" ಎಂದರು. ನಾನು ಫೋನನ್ನು ಭಾಭಿಯ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದೆ.

ಅವರು ಮನೆಗೆ ಬಂದ ಮೊದಲ ದಿನ ಕೈಯಾರೆ ಗಂಜಿ ಕುಡಿಸಿದೆ. ಎರಡನೆಯ ದಿನದಿಂದ ಬೈಗುಳ ಶುರುವಾಯಿತು. ಅಂಜಿಕೆ ಇಳಿದ ಜಾಗಕ್ಕೆ ಸಿಟ್ಟು ಬಂದು ಕೂತಿತ್ತು. ನನಗೋ ಮೊದಲೇ ಬಾಯಿ ಜೋರು. ಕೇಳದ ಜಾತಿ ಎಂದೆ. ನಾಲ್ಕು ಜನ ಬೇಡ ಅಂದರೂ ನೀರಿಗೆ ಇಳಿಯುವವರು ಮನೆಯಲ್ಲಿ ಹೆಂಡತಿಯ ಮಾತು ಕೇಳುತ್ತಾರೇನು ಎಂದೆ. ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದೆ. ಅವರ ಅಕ್ಕ ಬಂದಾಗ ಹೇಳಿದೆ, ಮಗ ಬೀದರಿನಿಂದ ಬಂದಾಗ ಹೇಳಿದೆ, ಅಂಗಡಿಯ ಗಿರಾಕಿಗಳಿಗೂ ಹೇಳಿದೆ. ಇವರ ಮೊಂಡುತನ ಊರಿಗೆಲ್ಲ ಗೊತ್ತಾಗಲಿ ಎಂಬಂತೆ ಹೇಳಿದೆ. ಅವರು ಕೈಯನ್ನು ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಇಟ್ಟುಕೊಂಡು ಕುರ್ಚಿಯಲ್ಲಿ ಕೂತು, "ಹೌದು, ನಂದೇ ತಪ್ಪು" ಎನ್ನುತ್ತಿದ್ದರು. ಹದಿನೈದು ದಿನ ಹೀಗೇ ನಡೆಯಿತು.

ಅದರ ಮುಂದಿನ ರವಿವಾರ ಭಾಯಿ ಬುಟ್ಟಿ ತುಂಬ ಸೀತಾಫಲ ತೆಗೆದುಕೊಂಡು ನೋಡಲು ಬಂದರು. ನಾನು ಅವರ ಮುಂದೂ ನನ್ನ ಕತೆ ತೆಗೆದೆ.

"ನೀವರೆ ಹೇಳ್ರಿ ಭಾಯಿ. ಇಂಥ ಮೊಂಡ ಮನಷ್ಯಾರನ್ನ ಎಲ್ಲಿಯರೆ ನೋಡೀರೇನು?"

ನನ್ನ ಗಂಡ ತಟ್ಟನೆ, "ಚಾ ತಗೊಂಡ್ ಬಾ ಹೋಗು" ಎಂದರು. ಭಾಯಿ ಒಮ್ಮೆ ಅವರ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಆ ಮನುಷ್ಯನಿಗೆ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆ.

"ಮೊಂಡತನ ಅಲ್ರಿ ಅಕ್ಕೋರ" ಎಂದರು. "ನಾ ಕೈ ಹಿಡದು ನಿಲ್ಲಿಸಿದ್ದೆ. ಇವರು ಕಿಸೆದಾಗಿಂದ ನಿಮ್ಮ ಹಾಳಿ ತಗದು ತೋರಿಸಿದ್ರು. ನೋಡ್ರಿ, ಹಳ್ಳ ದಾಟಿ ಎಡಕ್ಕ ಅಂತ ಬರದಾಳ. ನಾಕು ದಿನ ಕುಂತು ಬರದಾಳ, ಆಕಿ ಸುಮ್ಮ ಬರ್ಯಾಂಗಿಲ್ಲ ಅಂದ್ರು. ಹಂಗ ಅಂದು ಇಳದ್ರು."

ನಾನು ಚಹಾ ತರಲು ಒಳಗೆ ಹೋದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು, ಒರೆಸಲಿಲ್ಲ. ಸಿಟ್ಟು ಮಾಡಿಕೊಳ್ಳಲು ಯಾರೂ ಉಳಿದಿರಲಿಲ್ಲ. ಇಷ್ಟು ವರ್ಷ ನನ್ನ ಮಾತಿಗೆ ಬೆಲೆಯಿಲ್ಲ ಎಂದು ಜಗಳ ಆಡಿದ್ದೆ. ಬೆಲೆ ಕೊಟ್ಟಿದ್ದರು, ಕುತ್ತಿಗೆಯ ಮಟ್ಟದ ನೀರಿನಲ್ಲಿ.

ಭಾಯಿ ಹೋದ ಮೇಲೆ ಅಂಗಿ ಬದಲಿಸಲು ಅವರ ಹತ್ತಿರ ಹೋದೆ. ಒಂದು ಕೈಯಲ್ಲಿ ಅವರಿಗೆ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಗುಂಡಿ ಹಾಕುತ್ತ, ತಲೆ ಎತ್ತದೆ ಕೇಳಿದೆ.

"ಭಾಯಿ ಹೇಳಿದ್ದು ಖರೇನ್ರಿ?"

"ಮತ್ತ? ಗುಡ್ಡದ್ದು ನನಗೇನ್ ಗೊತ್ತದ. ನೀರು ನೋಡಿ ನನಗೂ ಅಂಜಿಕಿ ಬಂತು. ಆದ್ರ ನೀ ಎಲ್ಲಾ ನೋಡೇ ಬರ್ದಿರ್ತಿ ಅಂದ್ಕೊಂಡೆ."

"ನಾ ನೋಡಿರಲಿಲ್ರಿ."

"ಗೊತ್ತಾತು, ಬಿದ್ದ ಮ್ಯಾಲ" ಎಂದರು. ನಕ್ಕರು. ನಕ್ಕಾಗ ಹೆಗಲು ನೊಂದು ಕಣ್ಣು ಮುಚ್ಚಿಕೊಂಡರು.

"ಹದಿನೈದು ದಿನ ಮಂದಿ ಮುಂದೆಲ್ಲ ಬೈದೆ. ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಮತ್ತ ಎಲ್ಲಿಗೂ ಹೋಗಾಂಗಿಲ್ಲ. ವರ್ಷಕ್ಕ ಒಮ್ಮೆ ಹೋಗ್ತಿ. ಬಂದ ಮ್ಯಾಲ ಎಂಟು ದಿನ ಚಂದ ಇರ್ತಿ."

ಕ್ಷಮೆ ಕೇಳಬೇಕೆಂದುಕೊಂಡೆ, ಅದಕ್ಕೆ ನಮ್ಮ ಮನೆಯಲ್ಲಿ ಯಾವ ಮಾತು ಬಳಸುತ್ತಾರೆ ಎಂಬುದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಜೋಳಿಗೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದೆ.

ಅವರೇ ಕೇಳಿದರು: "ಮುಂದಿನ ದಸರಿಗಿ ಯಾವ ಕಡಿ? ನಾನೂ ಬರ್ತೀನಿ."

ಅದಾಗಿ ಎಂಟು ತಿಂಗಳಾದವು. ಅವರ ಹೆಗಲು ಕೂಡಿದೆ, ನನ್ನ ಕಾಲು ಸರಿಯಾಗಿದೆ, ಭಾಯಿ ಎರಡು ಸಲ ಕೇಳಿ ಆಯಿತು. ನಾನು ದಿನಾ ಫೋನಿನಲ್ಲಿ ನಕಾಶೆ ತೆಗೆಯುತ್ತೇನೆ. ಯಾವ ಗುಡ್ಡ ನೋಡಿದರೂ ಮೊದಲು ನೀಲಿ ಗೆರೆ ಕಾಣುತ್ತದೆ, ಅದಕ್ಕೊಂದು ಹೆಸರು ಹುಡುಕುತ್ತೇನೆ, ಸಿಗದಿದ್ದರೆ ಮುಚ್ಚಿಬಿಡುತ್ತೇನೆ. ಈ ಸಲ ನೀವೆಲ್ಲ ಸೇರಿ ಆರಿಸಿ ಎಂದು ನಾನು ಗುಂಪಿನವರನ್ನು ಬೇಡಿಕೊಂಡೆ, ಯಾರೂ ಒಪ್ಪಲಿಲ್ಲ. ನನ್ನ ಗಂಡ ಬೂಟು ಹೊಸವು ತಂದಿಟ್ಟಿದ್ದಾರೆ. ನಾನು ಎಲ್ಲಿ ಎಂದರೆ ಅಲ್ಲಿಗೆ ಅವರು ಈಗ ಬಂದೇ ಬರುತ್ತಾರೆ, ನನ್ನ ಹೆದರಿಕೆ ಅದೇ.